ಮುಧೋಳ ನಾಯಿಮರಿ ಕೊಡಿಸ್ತೀಯಾ ಮಗಾ?

ಆಫೀಸಿನಲ್ಲಿ ಹೊಸಬರು ಯಾರಾದರೂ "ಯಾವೂರು ನಿಮ್ದು?" ಅಂತ ಕೇಳಿದರೆ ನಾನು ಶಿರೂರು ಅಂತೀನಿ. ತಕ್ಷಣ ಅವರು ಉಡುಪಿ ಕಡೆಯ ಶಿರೂರು ಅಂದುಕೊಂಡು ಸಮುದ್ರ, ಮೀನು ಅಂತ ಶುರು ಮಾಡ್ತಾರೆ. ಅಲ್ರೀ, ಅದಲ್ಲ, ಬಾಗಲಕೋಟೆ ಹತ್ತಿರದ ಶಿರೂರು, ನಮ್ಮ ಕಡೆ ಸಮುದ್ರ ಇಲ್ಲ, ಜೋಳ, ಉಳ್ಳಾಗಡ್ಡಿ ಮತ್ತು ಬಿಸಿಲು ಇದೆ ಅಂತ ತಿದ್ದಿದ ಮೇಲೆ ಮಾತು ಸರಿಯಾದ ದಾರಿಗೆ ಬರುತ್ತೆ. ಆಮೇಲೆ ಬರೋದು ಬೇಡಿಕೆಗಳ ಪಟ್ಟಿ. ಮೊದಲೆಲ್ಲ ಎರಡೇ ಇದ್ದವು: ಊರಿಗೆ ಹೋದಾಗ ಅಮೀನಗಡದ ಕರದಂಟು ತಾ, ಅಮ್ಮನಿಗೆ ಒಂದು ಇಳಕಲ್ ಸೀರೆ ತಾ. ಎರಡೂ ಕಷ್ಟದ್ದಲ್ಲ, ಎರಡೂ ಬ್ಯಾಗಿನಲ್ಲಿ ಹಿಡೀತವೆ.

ಈಗ ಮೂರನೆಯದೊಂದು ಸೇರಿಕೊಂಡಿದೆ. "ನಿಮ್ಮ ಜಿಲ್ಲೆಯದೇ ಅಲ್ವಾ ಮುಧೋಳ? ಒಂದು ನಾಯಿಮರಿ ಕೊಡಿಸ್ತೀಯಾ ಮಗಾ?"

ಹೋದ ತಿಂಗಳು ಮೂರು ಜನ ಕೇಳಿದರು. ಇಬ್ಬರಿಗೆ ಮುಧೋಳವೇ ಬೇಕು. ಮೂರನೆಯವನು ಮೊಬೈಲಿನಲ್ಲಿ ರೀಲ್ಸ್ ನೋಡಿ ನೋಡಿ ಜಾಕ್ ರಸೆಲ್ ಟೆರಿಯರ್ ಅನ್ನೋ ಪುಟಾಣಿ ನಾಯಿಗೆ ಮರುಳಾಗಿದ್ದಾನೆ, ಆದರೂ "ನಾಯಿ ವಿಷಯ ನಿಂಗೆ ಗೊತ್ತಲ್ಲ, ಯಾವುದು ಬೆಸ್ಟು ಹೇಳು" ಅಂತ ನನ್ನ ಡೆಸ್ಕಿಗೆ ಬಂದ. ನಾನು ಪಶುವೈದ್ಯನೂ ಅಲ್ಲ, ನಾಯಿ ತರಬೇತಿಯವನೂ ಅಲ್ಲ. ಓದಿದ್ದು ಇಂಜಿನಿಯರಿಂಗು, ಹೊಟ್ಟೆಪಾಡು ಜಾವಾ. ಆದರೆ ನಮ್ಮ ಕಾಕಾನ ಹೊಲದಲ್ಲಿ ಯಾವಾಗಲೂ ಎರಡು ಬೇಟೆ ನಾಯಿ ಇರುತ್ತಿದ್ದವು, ಅವುಗಳ ಜೊತೆ ಬೆಳೆದವನು ನಾನು. ಒಬ್ಬೊಬ್ಬರಿಗೂ ಕಾಫಿ ಕುಡಿಯುತ್ತಾ ಇದೇ ಪುರಾಣ ಹೇಳೋದಕ್ಕಿಂತ ಒಮ್ಮೆ ಬರೆದು ಹಾಕಿದರೆ ಮುಂದೆ ಕೇಳಿದವರಿಗೆ ಲಿಂಕ್ ಕಳಿಸಿದರಾಯ್ತು ಅಂತ ಈ ಬರಹ :-)

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಅರ್ಧಕ್ಕೆ ಬಿಟ್ಟು ಹೋಗುವವರಿಗೂ ಗೊತ್ತಾಗಲಿ. ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿರುವ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ನಮ್ಮಂಥವರಿಗೆ ಮುಧೋಳವೂ ಬೇಡ, ಟೆರಿಯರ್ರೂ ಬೇಡ. ಆ ನಾಯಿಗಳು ಕೆಟ್ಟವು ಅಂತಲ್ಲ. ಎರಡೂ ಬಲು ಚುರುಕು, ಅದೇ ತೊಂದರೆ.

*

ನಾಯಿ ತಗೊಳ್ಳುವವರು ಏನೇನು ನೋಡ್ತಾರೆ ಅಂತ ಗಮನಿಸಿದ್ದೀನಿ. ಬಣ್ಣ ಹೇಗಿದೆ, ಎಷ್ಟು ಎತ್ತರ ಬೆಳೆಯುತ್ತೆ, ಕೂದಲು ಉದುರುತ್ತಾ, ರೇಟು ಎಷ್ಟು. ಮೊಬೈಲ್ ತಗೊಂಡ ಹಾಗೆ ಸ್ಪೆಸಿಫಿಕೇಶನ್ ಹೋಲಿಸಿ ನೋಡೋದು. ಈ ತಳಿಯನ್ನು ಯಾವ ಕೆಲಸಕ್ಕೆ ಅಂತ ತಯಾರು ಮಾಡಿದ್ದು ಅನ್ನೋದನ್ನ ಮಾತ್ರ ಒಬ್ಬರೂ ಕೇಳಲ್ಲ. ನನ್ನ ಪ್ರಕಾರ ಕೇಳಬೇಕಾದ ಮೊದಲ ಪ್ರಶ್ನೆ ಅದು. ನೂರಾರು ವರ್ಷ ಮನುಷ್ಯರು ಯಾವುದೋ ಒಂದು ಕೆಲಸ ಚೆನ್ನಾಗಿ ಮಾಡುವ ನಾಯಿಯನ್ನೇ ಆರಿಸಿ ಆರಿಸಿ ಮರಿ ಹಾಕಿಸಿದ್ದಾರೆ. ಆ ಕೆಲಸ ಈಗ ಅದರ ರಕ್ತದಲ್ಲಿದೆ. ನೀವು ಕೆಲಸ ಕೊಡದಿದ್ದರೆ ಅದು ತಾನೇ ಹುಡುಕಿಕೊಳ್ಳುತ್ತೆ.

ಮೊದಲು ಟೆರಿಯರ್ ವಿಷಯ ಮುಗಿಸಿಬಿಡ್ತೀನಿ. ಟೆರಿಯರ್ ಅನ್ನೋ ಹೆಸರು ಬಂದದ್ದೇ ಲ್ಯಾಟಿನ್ನಿನ 'ಟೆರ್ರಾ' ಅಂದರೆ ಮಣ್ಣು, ನೆಲ ಅನ್ನೋ ಪದದಿಂದ. ಇಂಗ್ಲೆಂಡಿನ ಡೆವನ್ ಅನ್ನೋ ಕಡೆ ಜಾನ್ ರಸೆಲ್ (1795-1883) ಅಂತ ಒಬ್ಬ ಪಾದ್ರಿ ಇದ್ದ, ಪ್ರಾರ್ಥನೆಗಿಂತ ನರಿ ಬೇಟೆಯ ಹುಚ್ಚೇ ಜಾಸ್ತಿ ಅಂತ ಹೆಸರಾದವನು. ಬಿಲದೊಳಗೆ ನುಗ್ಗಿ ನರಿಯನ್ನು ಹೊರಗೆ ಎಬ್ಬಿಸಲು ಬೇಕಾದ ಗಿಡ್ಡ, ಗಟ್ಟಿ, ಹೆದರಿಕೆಯಿಲ್ಲದ ನಾಯಿಗಳನ್ನು ಬೆಳೆಸಿದವನು ಅವನು. ಆ ತಳಿಗೆ ಅವನದೇ ಹೆಸರು. 1994ರ 'ದಿ ಮಾಸ್ಕ್' ಸಿನಿಮಾದಲ್ಲಿ ಜಿಮ್ ಕ್ಯಾರಿ ಜೊತೆ ಕುಣಿಯುತ್ತಲ್ಲ, ಆ ಮೈಲೋ ಇದೇ ಜಾತಿ. ನಮ್ಮ ಅಜ್ಜನ ಕಾಲದ ಗ್ರಾಮಫೋನ್ ಪ್ಲೇಟಿನ ಮೇಲೆ ಕಹಳೆ ಮುಂದೆ ಕಿವಿಗೊಟ್ಟು ಕೂತಿರುವ ನಾಯಿ ನೆನಪಿದೆಯಾ? ಅದರ ಹೆಸರು ನಿಪ್ಪರ್, ಅದೂ ಒಂದು ಬೆರಕೆ ಟೆರಿಯರ್ರೇ. ಆ ಚಿತ್ರದಲ್ಲಿ ಕೂತಷ್ಟು ಸುಮ್ಮನೆ ಟೆರಿಯರ್ ಕೂರುತ್ತೆ ಅಂತ ಮಾತ್ರ ನಂಬಬೇಡಿ.

ಬಿಲದೊಳಗೆ ಹೋದ ನಾಯಿ ಅಲ್ಲಿ ಬೊಗಳಬೇಕು. ಬೊಗಳಿದರೆ ತಾನೇ ಮೇಲೆ ಸಲಿಕೆ ಹಿಡಿದು ನಿಂತವನಿಗೆ ಎಲ್ಲಿ ಅಗೆಯಬೇಕು ಅಂತ ಗೊತ್ತಾಗೋದು! ಕತ್ತಲಲ್ಲಿ, ಮಣ್ಣಿನಡಿ, ಯಜಮಾನನ ಮಾತು ಕೇಳಿಸದ ಜಾಗದಲ್ಲಿ, ಹಲ್ಲು ತೋರಿಸುವ ನರಿಯ ಎದುರು ಏನು ಮಾಡಬೇಕು ಅನ್ನೋದನ್ನ ಅದೇ ತೀರ್ಮಾನಿಸಬೇಕು. ಅಂದರೆ ಬೊಗಳೋದು, ಅಗೆಯೋದು, ಹೇಳಿದ ಮಾತು ಕೇಳದೆ ತನ್ನ ಹಟವೇ ಸಾಧಿಸೋದು, ಇವು ಮೂರೂ ಆ ನಾಯಿಯ ದೋಷಗಳಲ್ಲ, ಅದರ ಬಯೋಡೇಟಾ. ಇದನ್ನು ನಾಲ್ಕನೇ ಮಹಡಿಯಲ್ಲಿ ತಂದಿಟ್ಟರೆ ಅಲ್ಲಿ ಅಗೆಯೋಕೆ ಮಣ್ಣಿಲ್ಲ, ಸೋಫಾ ಇದೆ. ನರಿ ಇಲ್ಲ, ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಬರುವ ಸ್ವಿಗ್ಗಿ ಹುಡುಗ ಇದ್ದಾನೆ. ತೂಕ ಐದಾರು ಕೇಜಿ, ಎತ್ತರ ಒಂದಡಿ ಅಂತ ನೋಡಿ 'ಸಣ್ಣ ನಾಯಿ, ಸಣ್ಣ ಮನೆಗೆ ಸರಿ' ಅಂತ ಲೆಕ್ಕ ಹಾಕುವವರಿಗೆ ಇದು ಅರ್ಥ ಆಗಲ್ಲ. ನಾಯಿಗೆ ಎಷ್ಟು ಚದರಡಿ ಬೇಕು ಅನ್ನೋದನ್ನ ಅದರ ಎತ್ತರ ಹೇಳಲ್ಲ. ಉತ್ತಮ ಉದಾಹರಣೆ ಬೇಕೆಂದರೆ, ಆಳೆತ್ತರದ ಗ್ರೇಟ್ ಡೇನ್ ದಿನವಿಡೀ ಬಿದ್ದುಕೊಂಡಿರುತ್ತೆ.

ದಿನಕ್ಕೆ ಒಂದೂವರೆ ಗಂಟೆ ನಿಜವಾಗಲೂ ಆಟ ಆಡಿಸ್ತೀರಾ, ಮಳೆ ಬಂದರೂ, ರಿಲೀಸ್ ಇದ್ದರೂ? ಅಂತ ನಮ್ಮ ರೀಲ್ಸ್ ಗೆಳೆಯನನ್ನು ಕೇಳಿದೆ. "ವೀಕೆಂಡಲ್ಲಿ ಆಡಿಸ್ತೀನಿ ಮಗಾ" ಅಂದ. ಟೆರಿಯರ್‌ಗೆ ವೀಕೆಂಡ್ ಗೊತ್ತಿಲ್ಲ.

*

ಈಗ ನಮ್ಮದಕ್ಕೆ ಬರೋಣ. ಮುಧೋಳದ್ದು ಇದಕ್ಕೆ ಉಲ್ಟಾ ಕೆಲಸ. ಬಿಲ ಅಲ್ಲ, ಬಯಲು. ಮೂಸಿ ಹುಡುಕುವ ನಾಯಿಯಲ್ಲ, ಕಣ್ಣಿನಿಂದ ನೋಡಿ ಅಟ್ಟಿಸಿಕೊಂಡು ಹೋಗುವ ನಾಯಿ. ಎರಡೂಕಾಲು ಅಡಿ ಎತ್ತರ, ಉದ್ದ ಮೂತಿ, ಆಳವಾದ ಎದೆಗೂಡು, ಹೊಟ್ಟೆ ಬೆನ್ನಿಗೆ ಹತ್ತಿದ ಹಾಗೆ ಸಣ್ಣ ನಡು. ಮೈಮೇಲೆ ಕೊಬ್ಬಿಲ್ಲ, ಕೂದಲು ರೇಷ್ಮೆ ಹಾಗೆ ಗಿಡ್ಡ. ಇಡೀ ದೇಹವೇ ಓಟಕ್ಕೆ ಕಟ್ಟಿದ್ದು. ಗ್ರೇಹೌಂಡ್, ಸಲೂಕಿ ಮುಂತಾದ ಇದರ ದಾಯಾದಿಗಳೆಲ್ಲ ಓಡುವಾಗ ಒಂದು ಸುತ್ತಿನ ನೆಗೆತದಲ್ಲಿ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ನಮ್ಮ ಕಾಕಾನ ನಾಯಿ ಕಟಾವಾದ ಜೋಳದ ಹೊಲದಲ್ಲಿ ಹಾಗೆ ಓಡೋದನ್ನ ನಾನು ಸಣ್ಣವನಿದ್ದಾಗ ನೋಡುತ್ತಾ ನಿಂತುಬಿಡುತ್ತಿದ್ದೆ. ಕೂಳೆ ನಡುವೆ ಅದು ಓಡುತ್ತಿದೆ ಅನ್ನೋದಕ್ಕಿಂತ, ನೆಲಕ್ಕೆ ಸಮ ಹಾರುತ್ತಿದೆ ಅಂತಲೇ ಅನ್ನಿಸುತ್ತಿತ್ತು. ನೀವು "ಬಾ" ಅಂತ ಕೂಗುವಷ್ಟರಲ್ಲಿ ಅದು ಮುಂದಿನ ಹೊಲದ ಬದು ದಾಟಿರುತ್ತೆ. ಅಲ್ಲಿಗೂ ಅಷ್ಟೇ, ಯಜಮಾನನ ದನಿ ಮುಟ್ಟದ ದೂರದಲ್ಲಿ ತೀರ್ಮಾನ ಅದರದ್ದೇ.

ಆ ಬೇಟೆ ಈಗ ಇಲ್ಲ. ಇರಲೂಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇವತ್ತು ಮೊಲ ಹಿಡಿಯೋದೂ ಅಪರಾಧ. ಮುಧೋಳ, ಬೀಳಗಿ ನಡುವಿನ ಯಡಹಳ್ಳಿಯಲ್ಲಿ ಚಿಂಕಾರ ಜಿಂಕೆಗಳಿಗೇ ಒಂದು ಧಾಮ ಮಾಡಿದ್ದಾರೆ. ಅಂದರೆ ನಾಯಿಯ ಪೂರ್ವಜರು ಯಾವುದನ್ನು ಅಟ್ಟಿಸಿಕೊಂಡು ಹೋಗುತ್ತಿದ್ದವೋ ಅದಕ್ಕೆ ಈಗ ಸರ್ಕಾರಿ ರಕ್ಷಣೆ, ನಾಯಿಗೆ ನಿರುದ್ಯೋಗ! ಹಳ್ಳಿಯಲ್ಲಿ ಹೊಲ ಕಾಯೋದು, ಕುರಿ ಹಿಂಡಿನ ಜೊತೆ ತಿರುಗೋದು ಅಂತ ಏನಾದರೂ ಉಳಿದಿದೆ. ಕೆಲಸ ಸಿಕ್ಕ ಕಡೆ ಅದು ಹೇಗೆ ಬೆಳಗುತ್ತೆ ಅನ್ನೋದಕ್ಕೆ ಬಿಎಸ್‌ಎಫ್‌ನ 'ರಿಯಾ'ನೇ ಸಾಕ್ಷಿ. 2024ರ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ಈ ಮುಧೋಳದ ಹೆಣ್ಣು ನಾಯಿ ವಿದೇಶಿ ತಳಿಗಳನ್ನೆಲ್ಲ ಹಿಂದೆ ಹಾಕಿ ಮೊದಲ ಸ್ಥಾನ ಪಡೆಯಿತು. ಪೇಪರಿನಲ್ಲಿ ಓದಿ ಊರಿಗೆಲ್ಲ ಫಾರ್ವರ್ಡ್ ಮಾಡಿದವರಲ್ಲಿ ನಾನೂ ಒಬ್ಬ. ಆದರೆ ಒಂದು ಮರೀಬೇಡಿ, ರಿಯಾಗೆ ಬೆಳಗಿನಿಂದ ಸಂಜೆವರೆಗೆ ಅದನ್ನೇ ನೋಡಿಕೊಳ್ಳುವ ಒಬ್ಬ ಯೋಧ ಇರುತ್ತಾನೆ. ನಿಮ್ಮ ಫ್ಲ್ಯಾಟಿನಲ್ಲಿ ಯಾರಿರ್ತಾರೆ?

ಈ ಪ್ರಶ್ನೆ ನನ್ನದಲ್ಲ, ನಮ್ಮ ಕಾಕಾನದು. ಮುಧೋಳದ ಕಡೆ ನಾಯಿ ಸಾಕುವ ಗೆಳೆಯರಿದ್ದಾರೆ ಅವನಿಗೆ. ಯಾರೋ ಪಟ್ಟಣದವರು ಮರಿ ಕೇಳಿದರೆ ಅವನು ರೊಕ್ಕದ ಮಾತು ಎತ್ತೋದೇ ಇಲ್ಲ. "ತಮ್ಮಾ, ಹಗಲೊತ್ತ ಮನ್ಯಾಗ ಯಾರ್ ಇರ್ತೀರಿ? ಓಡಾಕ ಬಯಲು ಎಷ್ಟ್ ದೂರ ಐತಿ? ಇದು ಮುದಿ ಆದ ಮ್ಯಾಲೆ ಯಾರ್ ನೋಡ್ತಾರ?" ಅಂತ ಮೂರು ಮಾತು ಕೇಳ್ತಾನೆ. ಮೂರಕ್ಕೂ ಸರಿಯಾದ ಉತ್ತರ ಬರದಿದ್ದರೆ "ಈ ಸಲ ಮರಿ ಎಲ್ಲಾ ಹೇಳಿ ಇಟ್ಟಾರ" ಅಂತ ಚಹಾ ಕುಡಿಸಿ ಕಳಿಸಿಬಿಡ್ತಾನೆ. ಬೆಂಗಳೂರಿನ ಪ್ರಾಣಿ ದತ್ತು ಕೇಂದ್ರಗಳಲ್ಲಿ ನಾಲ್ಕು ಪುಟದ ಫಾರ್ಮ್ ತುಂಬಿಸಿಕೊಳ್ತಾರೆ, ಒಳ್ಳೆಯದೇ, ಆದರೆ ಅದರ ಸಾರ ಇಷ್ಟೇ ಮೂರು ಮಾತು.

*

ನಾನಿರುವ ಅಪಾರ್ಟ್‌ಮೆಂಟಿನಲ್ಲೇ ಒಂದು ನಡೆಯಿತು. ಹೆಸರು ಬೇಡ. ಪಕ್ಕದ ಬ್ಲಾಕಿನ ಒಬ್ಬರು, ನಮ್ಮ ಹಾಗೆಯೇ ಐಟಿಯವರು, ಒಳ್ಳೆಯ ಮನುಷ್ಯ, ಎರಡು ತಿಂಗಳ ಮುಧೋಳ ಮರಿ ತಂದರು. ಎಲ್ಲಿಂದಲೋ ಆನ್‌ಲೈನಿನಲ್ಲಿ ಬುಕ್ ಮಾಡಿ ತರಿಸಿದ್ದು. ಮೊದಲ ಮೂರು ತಿಂಗಳು ಸಂಭ್ರಮವೋ ಸಂಭ್ರಮ. ಆಗ ಮನೆಯಿಂದಲೇ ಕೆಲಸ. ನಂತರ ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ ಅಂತ ಮೇಲ್ ಬಂತು. ಆಫೀಸಿನ ಎಂಟು ಗಂಟೆ, ಅದಕ್ಕೆ ಔಟರ್ ರಿಂಗ್ ರೋಡಿನ ಟ್ರಾಫಿಕ್ ಎರಡೂವರೆ ಗಂಟೆ. ಅಷ್ಟು ಹೊತ್ತು ಎಂಟು ತಿಂಗಳ ಮುಧೋಳ ನಾಯಿ ಬಾಲ್ಕನಿಯಲ್ಲಿ. ಅದು ಪರದೆ ಹರಿಯಿತು, ಬಾಗಿಲ ಚೌಕಟ್ಟು ಕಡಿಯಿತು, ಕೆಳಗೆ ಓಡಾಡುವ ಬೆಕ್ಕು ನೋಡಿ ಗ್ರಿಲ್ಲಿಗೆ ಮೂತಿ ಉಜ್ಜಿ ಗಾಯ ಮಾಡಿಕೊಂಡಿತು.

ಇದರ ಜೊತೆ ಇನ್ನೊಂದು ತಮಾಷೆ. ಮುಧೋಳ ನಾಯಿಯ ಆರೋಗ್ಯ ಸರಿಯಿದ್ದರೂ ಪಕ್ಕೆಲುಬು ಕಾಣುತ್ತೆ, ಸೊಂಟದ ಮೂಳೆ ಎದ್ದಿರುತ್ತೆ. ಅದು ಹಾಗೇ ಇರಬೇಕು. ಲಿಫ್ಟಿನಲ್ಲಿ ಸಿಕ್ಕವರೆಲ್ಲ "ಪಾಪ, ಊಟ ಹಾಕಲ್ವಾ ಇದಕ್ಕೆ?" ಅಂತ ಕೇಳೋರು. ಅವರು ನಾಚಿಕೆಗೆ ಬಿದ್ದು ಮೂರು ಹೊತ್ತು ಹಾಕಿ ದಪ್ಪ ಮಾಡಿಬಿಟ್ಟರು. ಓಟವಿಲ್ಲ, ಮೇಲೆ ತೂಕ. ಇನ್ನು ಇವು ಅಪರಿಚಿತರು ಮುಟ್ಟೋದನ್ನ ಇಷ್ಟಪಡಲ್ಲ. ಕಚ್ಚಲ್ಲ, ಆದರೆ ಸರಿದು ನಿಲ್ತವೆ, ಒತ್ತಾಯ ಮಾಡಿದರೆ ಗುರ್ ಅಂತವೆ. ಲ್ಯಾಬ್ರಡಾರ್ ಹಾಗೆ ಬಂದವರ ಮೇಲೆಲ್ಲ ಬೀಳೋ ಸ್ವಭಾವವಲ್ಲ. ಮಕ್ಕಳು ಓಡಿಬಂದು ತಬ್ಬಿದಾಗ ಅದು ಗುರ್ ಅಂದದ್ದೇ ನೆಪ, ನಮ್ಮ ವಾಟ್ಸಾಪ್ ಗುಂಪಿನಲ್ಲಿ 'ಅಗ್ರೆಸಿವ್ ಡಾಗ್' ಅಂತ ಹಣೆಪಟ್ಟಿ ಬಿತ್ತು. ಸಾಕುಪ್ರಾಣಿಗಳನ್ನು ನಿಷೇಧಿಸುವ ಅಧಿಕಾರ ನಿವಾಸಿಗಳ ಸಂಘಕ್ಕಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಆದರೆ ಸುತ್ತೋಲೆ ತೋರಿಸಿ ಅಕ್ಕಪಕ್ಕದವರ ಪ್ರೀತಿ ಗಳಿಸೋಕಾಗುತ್ತಾ?

ಒಂದು ಭಾನುವಾರ ಬೆಳಿಗ್ಗೆ ಗೇಟಿನ ಬಳಿ ಬೆಲ್ಟಿನಿಂದ ಕತ್ತು ನುಣುಚಿಕೊಂಡು ಓಡಿತು. ಇವುಗಳ ತಲೆ ಸಣ್ಣದು, ಕತ್ತು ಹೆಚ್ಚುಕಮ್ಮಿ ಅಷ್ಟೇ ದಪ್ಪ, ಮಾಮೂಲಿ ಬೆಲ್ಟು ಜಾರಿ ಬರುತ್ತೆ. ಹಿಂದೆ ಹಿಂದೆ ಎತ್ತಿಹಾಕುವ ಅಗಲದ ಪಟ್ಟಿಯೋ ಎದೆಗೆ ಕಟ್ಟುವ ಪಟ್ಟಿಯೋ ಬೇಕು, ಮಾರಿದವನು ಅದನ್ನ ಹೇಳಿರಲಿಲ್ಲ. ಎದುರು ಎಂಟು ಪಥದ ರಸ್ತೆ. ಎರಡು ದಿನ ನಾವೆಲ್ಲ ಹುಡುಕಿದೆವು. ಪುಣ್ಯಕ್ಕೆ ಕೆರೆ ಅಂಗಳದಲ್ಲಿ ಸಿಕ್ಕಿತು, ಮುಂಗಾಲು ಮುರಿದಿತ್ತು. ಈಗ ಅದು ಕನಕಪುರದ ಕಡೆ ಅವರ ಪರಿಚಯದವರ ತೋಟದಲ್ಲಿದೆ. ಆ ಮನುಷ್ಯ ಬಿಟ್ಟು ಬಂದ ದಿನ ಪಾರ್ಕಿಂಗಿನಲ್ಲಿ ಕಾರಿನೊಳಗೇ ಬಹಳ ಹೊತ್ತು ಕೂತಿದ್ದರು. ಅವರಿಗೆ ಪ್ರೀತಿ ಕಮ್ಮಿ ಇತ್ತು ಅಂತ ನಾನು ಹೇಳಲಾರೆ. ಹಗಲು ಕಮ್ಮಿ ಇತ್ತು, ಬಯಲು ಇರಲಿಲ್ಲ.

ಈ ನಾಯಿಯದ್ದು ಹೇಗೋ ಆಯಿತು, ಎಲ್ಲರಿಗೂ ಪರಿಚಯದವರ ತೋಟ ಇರಲ್ಲ. ಹಾಗಾದಾಗ ಏನಾಗುತ್ತೆ ಅನ್ನೋದನ್ನ ನೀವೂ ಹೆದ್ದಾರಿ ಬದಿಯಲ್ಲಿ ನೋಡಿರ್ತೀರಿ.

*

"ಅಲ್ಲಪ್ಪಾ, ವಿದೇಶದಲ್ಲಿ ಗ್ರೇಹೌಂಡ್‌ಗಳನ್ನ ಫ್ಲ್ಯಾಟಿನಲ್ಲೇ ಸಾಕ್ತಾರಂತೆ, ದಿನಾ ಹದಿನೆಂಟು ಗಂಟೆ ಮಲಗಿರುತ್ತಂತೆ" ಅಂತ ಒಬ್ಬ ಗೂಗಲ್ ಪಂಡಿತ ನನ್ನ ಬಾಯಿ ಮುಚ್ಚಿಸೋಕೆ ನೋಡಿದ. ನಿಜ, ಒಪ್ಪಿಕೊಳ್ಳಲೇಬೇಕಾದ ಮಾತು. ಓಟದ ನಾಯಿಗಳು ಒಂದೆರಡು ಸಲ ಜೀವ ಬಿಟ್ಟು ಓಡಿ, ಉಳಿದ ಹೊತ್ತು ಸೋಮಾರಿಗಳ ಹಾಗೆ ಮಲಗುವಂಥವೇ. ಆದರೆ ಅಲ್ಲಿ ಫ್ಲ್ಯಾಟಿಗೆ ಬರುವ ಗ್ರೇಹೌಂಡ್‌ಗಳಲ್ಲಿ ಬಹುಪಾಲು ರೇಸಿನಿಂದ ನಿವೃತ್ತಿಯಾದವು. ಮೂರು ನಾಲ್ಕು ವರ್ಷ ಸರ್ವಿಸ್ ಮುಗಿಸಿ, ಓಡೋದು ಸಾಕಪ್ಪ ಅಂತ ಬಂದ ದೊಡ್ಡ ನಾಯಿಗಳು. ಸರ್ಕಾರಿ ನೌಕರಿಯಿಂದ ರಿಟೈರ್ ಆದ ನಮ್ಮ ಮಾವನ ಹಾಗೆ ಪೇಪರ್ ಹಿಡಿದು ಕೂರ್ತವೆ :-) ನೀವು ತರೋದು ಎರಡು ತಿಂಗಳ ಮರಿ, ಅದರ ಸರ್ವಿಸ್ ಇನ್ನೂ ಶುರುವೇ ಆಗಿಲ್ಲ. ಇನ್ನೊಂದು, ಅಲ್ಲಿ ನಾಯಿಗೆಂದೇ ಬೇಲಿ ಹಾಕಿದ ಮೈದಾನಗಳು ಊರೂರಿಗೂ ಇವೆ. ಬೆಂಗಳೂರಿನಲ್ಲಿ ಬೆರಳೆಣಿಕೆ. ಬೇಲಿಯಿಲ್ಲದ ಜಾಗದಲ್ಲಿ ಇಂಥ ನಾಯಿಯ ಹಗ್ಗ ಬಿಚ್ಚೋದು ಅಂದರೆ ಜೂಜು.

ಹಾಗಾಗಿ ನಿಜವಾಗಲೂ ಆಸೆ ಇದ್ದರೆ, ಯಾರಾದರೂ ಸಾಕಲಾರದೆ ಬಿಟ್ಟುಕೊಡುತ್ತಿರುವ ನಾಲ್ಕೈದು ವರ್ಷದ ಮುಧೋಳವೋ ಟೆರಿಯರ್ರೋ ಸಿಗುತ್ತಾ ನೋಡಿ. ಅದರ ಗುಣ ಏನು ಅಂತ ಮೊದಲ ದಿನವೇ ಗೊತ್ತಾಗುತ್ತೆ. ಮರಿಯಲ್ಲಿ ಏನೂ ಗೊತ್ತಾಗಲ್ಲ, ಎಲ್ಲ ಮರಿಗಳೂ ಮುದ್ದೇ.

*

ಈಗ ನನಗೆ ಬೈಗುಳ ಬೀಳುವ ಭಾಗ. "ನಮ್ಮ ತಳಿ, ಕನ್ನಡದ ನಾಯಿ, ನೀನೇ ಬಾಗಲಕೋಟೆಯವನಾಗಿ ಬೇಡ ಅಂತೀಯಲ್ಲೋ!" ಅಂತ ಈಗಾಗಲೇ ಬೈಸಿಕೊಂಡಿದ್ದೀನಿ.

ಹೆಮ್ಮೆ ನನಗೂ ಇದೆ. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಬೇಡರ ಮನೆಗಳಲ್ಲಿ ಉಳಿದಿದ್ದ ಈ ನಾಯಿಗಳನ್ನು ಗುರುತಿಸಿ, ಬೆಳೆಸಿ, ಒಂದು ಜೋಡಿಯನ್ನು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಕೊಟ್ಟ ಕತೆ ನಮ್ಮ ಕಡೆ ಶಾಲೆ ಹುಡುಗರಿಗೂ ಗೊತ್ತು. ಅಂಚೆ ಇಲಾಖೆ 2005ರ ಜನವರಿಯಲ್ಲಿ ನಾಲ್ಕು ದೇಶಿ ನಾಯಿಗಳ ಅಂಚೆಚೀಟಿ ತಂದಾಗ ಅದರಲ್ಲಿ ನಮ್ಮದೂ ಒಂದು. 2016ರಲ್ಲಿ ಮೇರಠ್‌ನ ಸೈನ್ಯದ ತರಬೇತಿ ಕೇಂದ್ರಕ್ಕೆ ಮರಿಗಳು ಹೋದವು. 2020ರ ಆಗಸ್ಟ್ 30ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಮುಧೋಳದ ಹೆಸರು ಹೇಳಿ, ನಾಯಿ ಸಾಕುವುದಿದ್ದರೆ ದೇಶಿ ತಳಿಯನ್ನೇ ತನ್ನಿ ಅಂದರು. ನನಗೆ ಮರಿ ಕೇಳುವ ಫೋನು ಶುರುವಾದದ್ದೇ ಆ ವಾರದಿಂದ.

ಆ ಮಾತಿನ ಅರ್ಧ ನನಗೆ ಒಪ್ಪಿಗೆ. ಸೈಬೀರಿಯದ ಹಿಮದಲ್ಲಿ ಗಾಡಿ ಎಳೆಯುವ ಹಸ್ಕಿಯನ್ನು ತಂದು ಎಸಿ ಹಾಕಿ ಸಾಕುವ ಹುಚ್ಚಿಗಿಂತ ನಮ್ಮ ಬಿಸಿಲಿಗೆ ಒಗ್ಗಿದ ನಾಯಿ ಸಾವಿರ ಪಾಲು ಮೇಲು. ಆದರೆ 'ದೇಶಿ' ಅಂದ ಮಾತ್ರಕ್ಕೆ ಅದು ನಿಮ್ಮ ಮನೆಗೆ ಹೊಂದುತ್ತೆ ಅಂತಲ್ಲ. ಮುಧೋಳದಿಂದ ನೋಡಿದರೆ ಬೆಂಗಳೂರಿನ ಫ್ಲ್ಯಾಟೂ ವಿದೇಶವೇ. ಅಭಿಮಾನಕ್ಕೆ ನಾಯಿ ತರುವವರಿಗೆ ಇನ್ನೊಂದು ಅಪಾಯ ಇದೆ. ಬೇಡಿಕೆ ಏರಿದ ಕೂಡಲೇ ಗ್ರೇಹೌಂಡ್ ಬೆರಕೆ ಮರಿಯನ್ನೂ ಮುಧೋಳ ಅಂತ ಮಾರುವವರು, ತಾಯಿ ಹಾಲು ಬಿಡುವ ಮೊದಲೇ ಮರಿಯನ್ನ ಬಸ್ಸಿನ ಡಿಕ್ಕಿಯಲ್ಲಿ ಕಳಿಸುವವರು ಹುಟ್ಟಿಕೊಳ್ತಾರೆ. ಎಂಟು ವಾರದ ಒಳಗಿನ ಮರಿ ಮಾರುವಂತಿಲ್ಲ ಅಂತ 2017ರ ನಿಯಮವೇ ಇದೆ, ಕೇಳೋರು ಯಾರು? ತಳಿ ಉಳೀಬೇಕು ಅನ್ನೋದಾದರೆ ಅದಕ್ಕೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಸುತ್ತಲಿನ ಹಳ್ಳಿಗಳಲ್ಲಿ ತಲೆಮಾರಿನಿಂದ ಸಾಕುತ್ತಾ ಬಂದ ಕುಟುಂಬಗಳಿವೆ. ಬಾಲ್ಕನಿಗೆ ಒಂದೊಂದು ನಾಯಿ ಹೋದರೆ ತಳಿ ಉಳಿಯಲ್ಲ. ಓಡದ, ಮರಿ ಹಾಕದ, ಗುಣ ಪರೀಕ್ಷೆಯಾಗದ ನಾಯಿ ತಳಿಯ ಲೆಕ್ಕಕ್ಕೇ ಬರಲ್ಲ.

ನಮ್ಮ ವಯಸ್ಸಿನವರು ಇನ್ನೊಂದು ಲೆಕ್ಕ ಹಾಕಬೇಕು. ಮುಧೋಳ ಹತ್ತು ಹನ್ನೆರಡು ವರ್ಷ ಬದುಕುತ್ತೆ, ಜಾಕ್ ರಸೆಲ್ ಹದಿಮೂರು ಹದಿನಾಲ್ಕು. ನನಗೀಗ ಇಪ್ಪತ್ತೆಂಟು. ಇವತ್ತು ಮರಿ ತಂದರೆ ನನ್ನ ನಲವತ್ತರವರೆಗೆ ಅದು ಇರುತ್ತೆ. ಆ ಹೊತ್ತಿಗೆ ಎಷ್ಟು ಕಂಪನಿ, ಎಷ್ಟು ಬಾಡಿಗೆ ಮನೆ, ಮದುವೆ, ಮಗು, ಮಧ್ಯದಲ್ಲಿ ಒಂದು ಆನ್‌ಸೈಟು! "ನಾಯಿ ಜೊತೆಗೇ ಕರಕೊಂಡು ಹೋಗ್ತೀನಿ" ಅನ್ನುವವರಿಗೆ ಒಂದು ಸುದ್ದಿ: ಅಮೆರಿಕದವರು 2024ರ ಆಗಸ್ಟ್‌ನಿಂದ ನಾಯಿ ತರುವ ನಿಯಮ ಬಿಗಿ ಮಾಡಿದ್ದಾರೆ. ರೇಬೀಸ್ ಜಾಸ್ತಿ ಇರುವ ದೇಶಗಳ ಪಟ್ಟಿಯಲ್ಲಿ ಭಾರತ ಇದೆ, ಮೈಕ್ರೋಚಿಪ್, ಲಸಿಕೆ, ರಕ್ತಪರೀಕ್ಷೆ ಅಂತ ನಮ್ಮ ವೀಸಾಗಿಂತ ದೊಡ್ಡ ಫೈಲು ಅದರದ್ದು. "ಊರಲ್ಲಿ ಅಪ್ಪ ಅಮ್ಮನ ಹತ್ತಿರ ಬಿಡ್ತೀನಿ" ಅನ್ನುವವರು ಆ ಅಪ್ಪ ಅಮ್ಮನನ್ನು ಒಂದು ಮಾತು ಕೇಳಿದ್ದೀರಾ? ಅರವತ್ತೈದು ವರ್ಷದ ತಾಯಿಯ ಕೈಯಲ್ಲಿ ಇಪ್ಪತ್ತೈದು ಕೇಜಿಯ ಓಟಗಾರನ ಹಗ್ಗ ಕೊಡೋದು ತಮಾಷೆಯಲ್ಲ.

ಹಾಗಾದರೆ ಯಾರಿಗೆ ಸರಿ? ಯಾರಿಗೂ ಬೇಡ ಅಂತ ನಾನಂತೂ ಹೇಳ್ತಿಲ್ಲ. ನನ್ನ ಕಾಲೇಜು ಗೆಳೆಯನೊಬ್ಬ ಹುನಗುಂದದ ಕಡೆ ದಾಳಿಂಬೆ ತೋಟ ಮಾಡಿಕೊಂಡಿದ್ದಾನೆ, ಸುತ್ತ ಏಳಡಿ ಬೇಲಿ, ತಂದೆ ಮಗ ಇಬ್ಬರೂ ಹಗಲು ರಾತ್ರಿ ಅಲ್ಲೇ. ಅವನಿಗೆ ಎರಡು ಮುಧೋಳ ಕಾಕಾನೇ ಹುಡುಕಿ ಕೊಟ್ಟ. ಜೋಳದ ನುಚ್ಚು, ಹಾಲು, ಆಗಾಗ ಮೊಟ್ಟೆ, ಊಟ ಆದ ಕೂಡಲೇ ಓಡಿಸಬಾರದು ಅನ್ನೋ ಒಂದು ಕಟ್ಟುನಿಟ್ಟು, ಇಷ್ಟರಲ್ಲಿ ರಾಜರ ಹಾಗಿವೆ. ಬೆಂಗಳೂರಿನಲ್ಲೇ ಆದರೂ ಸ್ವಂತ ಕಾಂಪೌಂಡು, ಮನೆಯಲ್ಲಿ ಹಗಲು ಇರುವ ಒಬ್ಬರು, ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಓಡುವ ಚಟ, ಈ ಮೂರೂ ಇರುವವರಿಗೆ ಮುಧೋಳದಂಥ ಸಂಗಾತಿ ಇಲ್ಲ. ಮಾತು ಕಮ್ಮಿ, ವಾಸನೆ ಕಮ್ಮಿ, ಗಾಂಭೀರ್ಯ ಜಾಸ್ತಿ. ಟೆರಿಯರ್ ಬೇಕೆನ್ನುವವರಿಗೆ ಕಾಂಪೌಂಡಿಗಿಂತ ತಾಳ್ಮೆ ಮುಖ್ಯ. ನಿಮಗಿಂತ ತಾನೇ ಜಾಣ ಅಂತ ದಿನಾ ಸಾಧಿಸುವ ಪ್ರಾಣಿಯ ಜೊತೆ ನಗುನಗುತ್ತಾ ಬಾಳುವ ಗುಣ ಇದ್ದರೆ ತಗೊಳ್ಳಿ. ನಮ್ಮ ರೀಲ್ಸ್ ಗೆಳೆಯನ ಹೆಂಡತಿಗೆ ಆ ಗುಣ ಇದೆ, ಅವನನ್ನೇ ಸಹಿಸಿಕೊಂಡಿದ್ದಾಳಲ್ಲ! ಆದರೆ ಅವಳೂ ಹಗಲು ಮನೆಯಲ್ಲಿರಲ್ಲ.

ಅವನಿಗೆ ನಾನು ಕೊಟ್ಟ ಸಲಹೆ, ಮೊದಲು ಆರು ತಿಂಗಳು ನಾಯಿಯಿಲ್ಲದೆಯೇ ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ ನಡೆ, ಒಂದು ದಿನವೂ ತಪ್ಪಿಸದೆ. ನಡೆಯೋಕಾದರೆ ಆಮೇಲೆ ಮಾತಾಡೋಣ. ಅಷ್ಟರಲ್ಲಿ ಅವನ ಬೀದಿಯಲ್ಲೇ ಇರುವ, ಗೇಟಿನ ಹತ್ತಿರ ಅವನ ಬೈಕಿನ ಸದ್ದು ಕೇಳಿದರೆ ಬಾಲ ಆಡಿಸುವ ಕಂದು ನಾಯಿಯ ಪರಿಚಯ ಗಟ್ಟಿಯಾಗಬಹುದು ಅನ್ನೋದು ನನ್ನ ಒಳಸಂಚು. ಅದಕ್ಕೆ ಲಸಿಕೆ ಆಗಿದೆ, ಸಂತಾನಹರಣ ಆಗಿ ಕಿವಿ ತುದಿ ಕತ್ತರಿಸಿದ್ದಾರೆ, ಬೆಂಗಳೂರಿನ ಟ್ರಾಫಿಕ್ಕು ನಮಗಿಂತ ಚೆನ್ನಾಗಿ ಗೊತ್ತು. ಹದಿನೇಳು ದಿನ ಆಯ್ತಂತೆ ನಡೆಯೋಕೆ ಶುರು ಮಾಡಿ. ಎರಡು ದಿನ ತಪ್ಪಿದೆ.

ಮುಧೋಳವೇ ಬೇಕು ಅಂತ ಕೂತ ಉಳಿದ ಇಬ್ಬರಿಗೆ: ಮರಿ ನೋಡೋಕೆ ಹೋಗಬೇಡಿ, ದೊಡ್ಡ ನಾಯಿ ಓಡೋದನ್ನ ನೋಡೋಕೆ ಹೋಗಿ. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ರಾತ್ರಿ ಹತ್ತಿದರೆ ಬೆಳಿಗ್ಗೆ ಬಾಗಲಕೋಟೆ, ಅಲ್ಲಿಂದ ಲೋಕಾಪುರದ ಮೇಲೆ ಮುಧೋಳಕ್ಕೆ ಬಸ್ಸು ಸಿಗ್ತವೆ. ಜೋಳ ಕಟಾವಾದ ಮೇಲೆ, ಹೊಲ ಬೋಳಾಗಿರುವಾಗ ಬನ್ನಿ. ಮಧ್ಯಾಹ್ನಕ್ಕೆ ಶಿರೂರಿಗೆ ವಾಪಸ್ ಬಂದರೆ ಊಟ ನಮ್ಮನೇಲಿ, ಕಾಕಾನೂ ಸಿಗ್ತಾನೆ. ಮೂರು ಪ್ರಶ್ನೆಗೆ ಉತ್ತರ ಇಟ್ಟುಕೊಂಡು ಬನ್ನಿ.